ಕುರ್ಚಿಯ ವಿಳಾಸಕ್ಕೆ

ಹೊಳೆಮಾಳ, ತಾಲ್ಲೂಕು ಕಾಗವಾಡ
29 ಜನವರಿ 2025

ಪ್ರೀತಿಯ ಶೈಲಾ,

ದಿಲ್ಲಿಯ ಚಳಿಗೆ ನಿನ್ನ ಮೂಗು ಇನ್ನೂ ಇದೆಯೋ, ಉದುರಿ ಬಿತ್ತೋ? ಐನಾಪುರದ ಶಾಲೆಯಲ್ಲಿ ನನ್ನ ಪಕ್ಕ ಕೂತು ಚಳಿಗಾಲವಿಡೀ ಸೀನುತ್ತಿದ್ದವಳು ಈಗ ಪಾರ್ಲಿಮೆಂಟಿನಲ್ಲಿ ಕೂತಿದ್ದಾಳೆ ಎಂದರೆ ನಮ್ಮ ಕೇರಿಯಲ್ಲಿ ಅರ್ಧ ಮಂದಿ ನಂಬುತ್ತಾರೆ, ಅರ್ಧ ಮಂದಿ ನಗುತ್ತಾರೆ. ಪುಸ್ತಕದ ಕನ್ನಡದಲ್ಲೇ ಬರೆಯುತ್ತಿದ್ದೇನೆ, ನೋಡಿಕೋ. ಏಳನೇ ಇಯತ್ತೆಯಲ್ಲಿ ನನ್ನ ಪ್ರಬಂಧದ ಮೇಲೆ ಕೆಂಪು ಗೆರೆ ಎಳೆದು "ಮಾತಾಡಿದಂಗ ಬರಿಬಾರದ ಬೇ" ಎಂದವಳು ನೀನೇ.

ಫೋನು ಬಿಟ್ಟು ಪತ್ರ ಯಾಕೆ ಎಂದು ಕೇಳುತ್ತೀ. ನಾನು ಹೊಳೆಮಾಳ ಗ್ರಾಮ ಪಂಚಾಯತಿಯ ಅಧ್ಯಕ್ಷೆ, ಆದರೆ ನನ್ನ ಫೋನು ಸಮಾಧಾನನ ಕಿಸೆಯಲ್ಲಿರುತ್ತದೆ. ಯಾರು ಮಾಡಿದರೂ "ಅಧ್ಯಕ್ಷರ ಮಾಲಕರು ಮಾತಾಡಾಕತ್ತೇನ್ರಿ, ಹೇಳ್ರಿ" ಅನ್ನುತ್ತಾನೆ. ನನ್ನ ಗಂಡ ಕೆಟ್ಟವನಲ್ಲ. ಆದರೆ ನಿನ್ನ ಕಾಕಾನ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು. ಕೇಳಿದ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಅವನಿಂದ ಆಗುವುದಿಲ್ಲ. ನನ್ನ ಹೆಸರಿಗೆ ಪತ್ರ ಬಂದರೆ ಮನೆಗೆ ಬರುತ್ತದೆ, ಅವನೇ ಒಡೆಯುತ್ತಾನೆ. ಅದಕ್ಕೆ ಲಕೋಟೆಯ ಮೇಲೆ ನನ್ನ ಹೆಸರು ಹಾಕಲೇಬೇಡ. "ಮಾನ್ಯ ಅಧ್ಯಕ್ಷರು, ಗ್ರಾಮ ಪಂಚಾಯತಿ, ಹೊಳೆಮಾಳ" ಅಷ್ಟೇ ಬರೆ. ಪೋಸ್ಟಿನ ಮಲಕಾರಿ ಗೊತ್ತಲ್ಲ, ಒಂದು ಮಾತಿನ ಮನುಷ್ಯ. "ಕುರ್ಚಿ ಹೆಸರಿಲೆ ಬಂದದ್ದು ಕುರ್ಚಿ ಮ್ಯಾಲೆ ಕುಂತವರ ಕೈಯಾಗ ಕೊಡಾಂವ ನಾ, ಅವರ ಗಂಡಗ ಅಲ್ಲ" ಎಂದಿದ್ದಾನೆ.

ಮೊನ್ನೆ ಇಪ್ಪತ್ತಾರಕ್ಕೆ ಧ್ವಜ ನಾನೇ ಹಾರಿಸಿದೆ. ಹಗ್ಗ ಕೊಟ್ಟವನು ಉಪಾಧ್ಯಕ್ಷ ಅಭಿನಂದನ, ನಿನ್ನ ಕಾಕಾನ ಮಗ. ಕೈಗೆ ಕೈ ತಾಗದ ಹಾಗೆ ಹಗ್ಗದ ತುದಿ ಹಿಡಿದು ಕೊಟ್ಟ. ಹೋಗಲಿ ಬಿಡು, ಧ್ವಜವಂತೂ ಮೇಲೆ ಹೋಯಿತು.

ಸಂಗತಿ ಬೇರೆ ಇದೆ. ನಮ್ಮ ಕೇರಿಯವರು ಮಣ್ಣು ಮಾಡುವ ಜಾಗದ ನಡುವೆ ನಿನ್ನ ಕಾಕಾಸಾಹೇಬರ ಕಬ್ಬಿನ ಗಾಡಿಗಳು ಹಾಯುತ್ತಿವೆ. ಮೊದಲು ಚಕ್ರದ ಜಾಡು ಬಿತ್ತು, ಈಗ ದಾರಿಯೇ ಆಗಿದೆ, ಮುಂದಿನ ವರ್ಷ ಕಬ್ಬೇ ಹಚ್ಚುತ್ತಾರೆ. ನಮ್ಮವ್ವ ಸುಂದ್ರವ್ವ ಅಲ್ಲೇ ಮಲಗಿದ್ದಾಳೆ. ನಿನಗೂ ನನಗೂ ಒಂದೇ ಬುಟ್ಟಿಯಿಂದ ರೊಟ್ಟಿ ಹರಿದು ಕೊಟ್ಟ ಕೈ ಅದು. ಸರಕಾರಿ ಅಳತೆ ಮಾಡಿಸಿ ಬೇಲಿ ಹಾಕಬೇಕೆಂದು ಸಭೆಯಲ್ಲಿ ಠರಾವು ಮಾಡಿಸಿದ್ದೇನೆ. ಹೆಣ್ಣು ಸದಸ್ಯರು ನನ್ನ ಕಡೆ ನಿಂತರು.

ನೀನು ಪಾರ್ಲಿಮೆಂಟಿನಲ್ಲಿ ಮಾತಾಡುವವಳು. ನಮ್ಮ ಊರಿನ ಒಂದು ಮಾತನ್ನೂ ಅಲ್ಲಿ ಹಾಕು. ದಿಲ್ಲಿಯಿಂದ ಒಂದು ಕಾಗದ ಬಂದರೆ ಇಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ.

ನಿನ್ನ
ಸಪನಾ


ಹೊಸದಿಲ್ಲಿ
7 ಫೆಬ್ರುವರಿ 2025

ಮಾನ್ಯ ಅಧ್ಯಕ್ಷರೇ,

ಹೀಗೆ ಕರೆದು ನೋಡಿದೆ, ಬಾಯಿಗೆ ರುಚಿಯಾಗಿದೆ. ನಿನ್ನ ಪತ್ರ ಓದುತ್ತ ನಮ್ಮ ಹೊಳೆದಂಡೆಯ ವಾಸನೆ ಬಂತು, ಸುಳ್ಳಲ್ಲ.

ಮೊದಲು ನಿನ್ನ ತಪ್ಪು ತಿಳುವಳಿಕೆ ಬಿಡಿಸುತ್ತೇನೆ. ನಾನು ಇಲ್ಲಿ ಮಾತಾಡುವವಳಲ್ಲ ಮಾರಾಯ್ತಿ, ಭಾಷಾಂತರ ಮಾಡುವವಳು. ಗಾಜಿನ ಗೂಡಿನಲ್ಲಿ ಕೂತು, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಸದಸ್ಯರು ಕನ್ನಡದಲ್ಲಿ ಆಡಿದ್ದನ್ನು ಆಡಿದ ಕ್ಷಣಕ್ಕೇ ಬೇರೆ ಭಾಷೆಗೆ ಹೇಳಬೇಕು. ನಮ್ಮ ಧರ್ಮ ಒಂದೇ: ನಿನ್ನದೆಂದು ಒಂದು ಮಾತನ್ನೂ ಸೇರಿಸಬೇಡ. ಹಾಗಾಗಿ ಹೊಳೆಮಾಳದ ಮಾತನ್ನು ನಾನು ಅಲ್ಲಿ ಹಾಕಲಾರೆ. ಅಧಿವೇಶನದ ಗದ್ದಲದಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ.

ಎರಡನೆಯದು, ದಿಲ್ಲಿಯಿಂದ ಕಾಗದ ಬರಲಿ ಎನ್ನುತ್ತೀ. ನಮ್ಮದು ಒಕ್ಕೂಟ. ಅಂದರೆ ಭಾಗ ಆದ ಮನೆ: ಅಂಗಳ ಒಂದೇ, ಒಲೆ ಬೇರೆ ಬೇರೆ. ಸಂವಿಧಾನದಲ್ಲಿ ಮೂರು ಪಟ್ಟಿಗಳಿವೆ. ಸೈನ್ಯ, ರೈಲು, ನೋಟು ದಿಲ್ಲಿಯ ಪಟ್ಟಿಯಲ್ಲಿವೆ. ಪಂಚಾಯತಿ, ಪೊಲೀಸು, ಮಸಣ ಇವೆಲ್ಲ ರಾಜ್ಯದ ಪಟ್ಟಿಯಲ್ಲಿ. ಮೂರನೆಯದು ಇಬ್ಬರಿಗೂ ಸೇರಿದ್ದು. ಹಾಗಾಗಿ ನಿನ್ನ ಮಸಣದ ವಿಷಯಕ್ಕೆ ಕಾಗವಾಡದ ತಹಶೀಲ್ದಾರರು, ಚಿಕ್ಕೋಡಿಯ ಪ್ರಾಂತ ಸಾಹೇಬರು ಅಂದರೆ ಉಪವಿಭಾಗಾಧಿಕಾರಿ, ಅಲ್ಲೂ ನ್ಯಾಯ ಸಿಗದಿದ್ದರೆ ಧಾರವಾಡದ ಹೈಕೋರ್ಟು.

ಆದರೆ ಒಂದು ಧೈರ್ಯ ಹೇಳುತ್ತೇನೆ. ಪಂಚಾಯತಿಯಲ್ಲಿ ಮೀಸಲು ಕುರ್ಚಿ ಇರಲೇಬೇಕೆಂದು ಸಂಸತ್ತು ಸಂವಿಧಾನಕ್ಕೇ ತಿದ್ದುಪಡಿ ತಂದು ಬರೆದಿಟ್ಟಿದೆ. ಪರಿಶಿಷ್ಟ ಜಾತಿಯ ಮಹಿಳೆ ಎಂದು ನಿನಗೆ ಬಂದದ್ದು ಯಾರೋ ಉಪಕಾರಕ್ಕೆ ಕೊಟ್ಟದ್ದಲ್ಲ. ಸದಸ್ಯರು ಅವಿಶ್ವಾಸ ತಂದು ಗೆಲ್ಲಬೇಕು, ಇಲ್ಲವೇ ನೀನಾಗಿಯೇ ಇಳಿಯಬೇಕು. ಸುಮ್ಮನೆ ಯಾರ ಅಪ್ಪನಿಂದಲೂ ನಿನ್ನನ್ನು ಎಬ್ಬಿಸಲಾಗದು.

ಕಾಕಾನ ಜೊತೆ ಒಮ್ಮೆ ಕೂತು ಮಾತಾಡು. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು ಅವನು. ಮೇಲೆ ಗದರುತ್ತಾನೆ, ಒಳಗೆ ಬೆಣ್ಣೆ. ಅಭಿನಂದನ ಹುಡುಗಾಟದವನು, ಅವನನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಿನ್ನ
ಶೈಲಾ


ಹೊಳೆಮಾಳ
21 ಫೆಬ್ರುವರಿ 2025

ಪ್ರೀತಿಯ ಶೈಲಾ,

ಭಾಗ ಆದ ಮನೆ ಎಂದು ಬರೆದೆಯಲ್ಲ, ಅದನ್ನು ಸಭೆಯಲ್ಲಿ ಹೇಳಿದೆ. ಹೆಂಗಸರಿಗೆ ಬಹಳ ಹಿಡಿಸಿತು. "ಅಂದ್ರ ನಮ್ಮ ಒಲಿ ನಮಗ, ಹೌದಿಲ್ಲೋ" ಎಂದು ಅಂಗನವಾಡಿಯ ತುಳಸವ್ವ ಕೇಳಿದಳು. ಅಭಿನಂದನ ಮಾತ್ರ ಫೋನು ನೋಡುತ್ತ ಕೂತಿದ್ದ.

ಅಳತೆ ಆಗಲಿಲ್ಲ. ಅಳೆಯಲು ಬಂದವರು ಮೊದಲು ನಿಮ್ಮ ಮನೆಯ ಕಟ್ಟೆಗೆ ಹೋದರು, ಚಹಾ ಕುಡಿದರು, ಬಿಸಿಲು ಹೆಚ್ಚಾಯಿತು ಎಂದು ಹೊರಟೇ ಹೋದರು. ಅದೇ ವಾರ ನಮ್ಮ ಮಸಣದ ಗಡಿಗಲ್ಲುಗಳು ಕಾಣೆಯಾದವು. ನಾನು ಪೊಲೀಸರಿಗೆ ಅರ್ಜಿ ಕೊಟ್ಟೆ. "ನೋಡೂಣ್ರಿ, ನೋಡೂಣು" ಎಂದು ಇಸಕೊಂಡರು.

ಸಮಾಧಾನ ಟ್ರ್ಯಾಕ್ಟರಿನಿಂದ ಬಿದ್ದು ಬಲಗೈ ಮುರಿದುಕೊಂಡಿದ್ದಾನೆ. ಅರ್ಜಿ ಕೊಟ್ಟ ಮರುದಿನವೇ ಬಿದ್ದ. ಮೀರಜಿನಲ್ಲಿ ಪ್ಲಾಸ್ಟರು ಹಾಕಿಸಿಕೊಂಡು ಬಂದೆವು. ಅವನು ಮಾತು ಕಡಿಮೆ ಮಾಡಿದ್ದಾನೆ.

ಇನ್ನೊಂದು ಹೇಳಲೋ ಬೇಡವೋ. ಮಸಣದಲ್ಲಿ ಒಂದು ಹೊಸ ಕುಣಿ ತೋಡಿದ್ದಾರೆ. ನಮ್ಮ ಕೇರಿಯಲ್ಲಿ ಯಾರೂ ಸತ್ತಿಲ್ಲ. ನಮ್ಮವ್ವನ ಪಕ್ಕದಲ್ಲೇ ಇದೆ, ಬದಿಗಳು ನೀಟಾಗಿವೆ. ಯಾರು ತೋಡಿದರು ಎಂದು ಕೇಳಿದರೆ ಎಲ್ಲರೂ ಬೇರೆ ಕಡೆ ನೋಡುತ್ತಾರೆ.

ನಿನ್ನೆ ಕಾಕಾಸಾಹೇಬರು ನಮ್ಮ ಕೇರಿಗೆ ಬಂದಿದ್ದರು. ನನಗೆ ತಿಳಿದ ಹಾಗೆ ಇದೇ ಮೊದಲು. ಹೊಸ್ತಿಲಾಚೆಯೇ ನಿಂತು ಹೇಳಿದರು: "ನೋಡವಾ ಸಪನಾ, ಒಂದ ಊರಾಗ ಇರಾವ್ರು ನಾವು. ಪೊಲೀಸ, ಕೋರ್ಟ ಯಾಕ ಬೇಕ? ರಾಜಿನಾಮಾ ಮಾಡಿ ಮುಗಿಸಿ ಬಿಡೂಣು."

ರಾಜಿನಾಮಾ ಅಂದರೆ ಕುರ್ಚಿ ಬಿಡುವುದಲ್ಲವೇ? ಹಾಗೇ ಕೇಳಿದೆ. ಅವರು ನಕ್ಕರು. "ಹುಚ್ಚಿ ಅದಿಯೇನ? ಅದು ಪೇಪರನಾಗ ಬರತೈತಲ್ಲ, ಮಂತ್ರಿಗೋಳ ರಾಜಿನಾಮೆ. ಕೋರ್ಟಿನ ರಾಜಿನಾಮಾ ಬ್ಯಾರೆ. ನಾ ರಾಜಿ, ನೀ ರಾಜಿ, ಅದರ ನಾಮಾ. ನನ್ನ ಗಾಡಿ ಸುತ್ತ ಹಾಕಿ ಹೋಗತಾವು, ನೀ ಅರ್ಜಿ ಹಿಂದಕ್ಕ ತಗೋ." ಸಮಾಧಾನ ಗೋಡೆ ನೋಡುತ್ತ "ಮಾಡಿ ಬಿಡು" ಎಂದ.

ಗಾಡಿ ಸುತ್ತು ಹಾಕಿ ಹೋಗುವುದಾದರೆ ನನಗೆ ಮತ್ತೇನು ಬೇಕು? ನಮ್ಮವ್ವ ನೆಮ್ಮದಿಯಾಗಿ ಮಲಗಿದರೆ ಸಾಕು. ಆದರೆ ಆ ಶಬ್ದ ಮುಳ್ಳಿನಂತೆ ಚುಚ್ಚುತ್ತಿದೆ. ಶಬ್ದಗಳಿಂದಲೇ ಅನ್ನ ತಿನ್ನುವವಳು ನೀನು. ಯಾವ ಅರ್ಥ ಖರೆ? ಮಾರ್ಚ್ ಎಂಟಕ್ಕೆ ಮುಗಿಸೋಣ ಎಂದಿದ್ದಾರೆ. ಅದರೊಳಗೆ ಬರೆ. ನೀನು ಹೂಂ ಅಂದರೆ ಮಾತ್ರ ಸಹಿ ಮಾಡುತ್ತೇನೆ.

ಸಪನಾ


ಹೊಸದಿಲ್ಲಿ
1 ಮಾರ್ಚ್ 2025

ಪ್ರೀತಿಯ ಸಪನಾ,

ಈ ಪ್ರಶ್ನೆ ನನ್ನ ತರಬೇತಿಯ ಪರೀಕ್ಷೆಯಲ್ಲಿ ಬಂದಿದ್ದರೆ ಕುಣಿದಾಡುತ್ತಿದ್ದೆ. ಎಷ್ಟು ಚೆಂದದ ಶಬ್ದ! ರಾಜಿ ಎಂದರೆ ಒಪ್ಪಿಗೆ, ನಾಮೆ ಎಂದರೆ ಪತ್ರ. ಪಂಚನಾಮೆ, ವಕಾಲತ್ತುನಾಮೆ ಅನ್ನುವುದಿಲ್ಲವೇ, ಹಾಗೇ ಒಪ್ಪಿಗೆಯ ಪತ್ರ. ನಮ್ಮ ಕಡೆಯ ಹಳೆಯ ಕೋರ್ಟುಗಳಲ್ಲಿ ವಾದಿ ಪ್ರತಿವಾದಿ ಕೂಡಿ ಬರೆದುಕೊಡುವುದಕ್ಕೆ ರಾಜಿನಾಮಾ ಎನ್ನುತ್ತಿದ್ದರು. ಹುದ್ದೆ ಬಿಡುವ ಅರ್ಥವೂ ಇದೆ, ಪತ್ರಿಕೆಗಳಿಂದಾಗಿ ಅದೇ ಹೆಚ್ಚು ಬಳಕೆಯಲ್ಲಿದೆ. ಶಬ್ದದ ಅರ್ಥವನ್ನು ಸಂದರ್ಭ ಹೇಳುತ್ತದೆ. ನಿನ್ನ ಸಂದರ್ಭದಲ್ಲಿ ಒಂದು ಅರ್ಜಿ ಇದೆ, ಎರಡು ಕಡೆಯವರಿದ್ದಾರೆ, ಹಿರಿಯರು ನಡುವೆ ಬಂದಿದ್ದಾರೆ. ಹಾಗಾದರೆ ಇದು ರಾಜಿಪತ್ರವೇ, ಸಂಶಯ ಬೇಡ. ಕಾಕಾ ಹೇಳಿದ್ದು ಸರಿ.

ಅವನು ನಿಮ್ಮ ಕೇರಿಯವರೆಗೆ ನಡೆದು ಬಂದದ್ದು ಸಣ್ಣ ಮಾತಲ್ಲ. ಅಲ್ಲಿಗೆ ಬರಲು ಅವನಿಗೆ ಒಂದು ಜನ್ಮವೇ ಹಿಡಿದಿದೆ ಎಂದು ನಿನಗೆ ಅನ್ನಿಸಿರಬಹುದು, ನನಗೂ ಅನ್ನಿಸುತ್ತದೆ. ಆದರೆ ಬಂದನಲ್ಲ. ಅವನ ಮಾತಿಗೆ ಎರಡಿಲ್ಲ. ಸಹಿ ಮಾಡು.

ಆ ಕುಣಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ನೀರಿನ ಪೈಪಿಗೆ ತೋಡಿದ್ದಿರಬೇಕು, ನಿನ್ನ ಪಂಚಾಯತಿಯದೇ ಕಾಮಗಾರಿ ಇರಬೇಕು ನೋಡು! ಸಮಾಧಾನನಿಗೆ ಹೇಳು, ಟ್ರ್ಯಾಕ್ಟರಿನ ಮೇಲೆ ಜೋಪಾನ. ಕಬ್ಬಿನ ಹಂಗಾಮಿನಲ್ಲಿ ನಿದ್ದೆಗೆಟ್ಟು ಹೊಡೆಯುತ್ತಾರೆ ಇವರು.

ಸಹಿ ಆದ ಮೇಲೆ ಬರೆ. ಒಳ್ಳೆಯ ಸುದ್ದಿಗೆ ಕಾಯುತ್ತಿರುತ್ತೇನೆ.

ನಿನ್ನ
ಶೈಲಾ


ಹೊಳೆಮಾಳ
10 ಮಾರ್ಚ್ 2025

ಪ್ರೀತಿಯ ಶೈಲಾ,

ಸಹಿ ಮಾಡಿದೆ. ನಿನ್ನ ಪತ್ರ ಎದೆಗೆ ಒತ್ತಿಕೊಂಡೇ ಹೋಗಿದ್ದೆ.

ಮೊನ್ನೆ ಮಹಿಳಾ ದಿನ. ಪಂಚಾಯತಿಯ ಮುಂದೆ ಪೆಂಡಾಲು ಹಾಕಿ ನನಗೆ ಸತ್ಕಾರ ಮಾಡಿದರು. ಶಾಲು, ಹಾರ, ತೆಂಗಿನಕಾಯಿ, ಕುಂಕುಮದ ಬಟ್ಟಲು. ಕಾಕಾಸಾಹೇಬರೇ ಮೈಕು ಹಿಡಿದು "ನಮ್ಮೂರ ಮಗಳು, ಚೊಲೊ ಕೆಲಸ ಮಾಡಿದ್ಳು" ಎಂದರು. ಮಾಡುತ್ತಾಳೆ ಅನ್ನಲಿಲ್ಲ, ಮಾಡಿದ್ಳು ಅಂದರು. ತುಳಸವ್ವ ಕಿವಿಯಲ್ಲಿ "ಬೀಳ್ಕೊಡಾಕತ್ತಾರೇನ ಇವ್ರು?" ಎಂದು ನಕ್ಕಳು. ನಾನೂ ನಕ್ಕೆ.

ಶಾಲು ಹೊದಿಸಿದ ಕೂಡಲೇ ಅಭಿನಂದನ ಕಾಗದ ಮುಂದಿಟ್ಟ. ಕೊರಳಿನ ಹಾರ ಕಾಗದದ ಮೇಲೆ ಬೀಳುತ್ತಿತ್ತು, ಮಂದಿ ಚಪ್ಪಾಳೆ ಹೊಡೆಯುತ್ತಿದ್ದರು, ಹಲಗೆ ಬಡಿಯತೊಡಗಿದರು. ಮೇಲೆ "ರಾಜಿನಾಮೆ" ಎಂದಿತ್ತು, ಅದರ ಕೆಳಗೆ "ಮಾನ್ಯ ಉಪವಿಭಾಗಾಧಿಕಾರಿಗಳಿಗೆ, ಚಿಕ್ಕೋಡಿ" ಎಂದಿತ್ತು. ರಾಜಿ ನಮ್ಮ ನಮ್ಮೊಳಗೆ, ಪ್ರಾಂತ ಸಾಹೇಬರಿಗೆ ಯಾಕೆ ಎಂದು ಕೇಳಿದೆ. "ಮ್ಯಾಲಿನವರಿಗೆ ತಿಳಸಬೇಕಲ್ರಿ ಅಧ್ಯಕ್ಷರ" ಎಂದ ಅಭಿನಂದನ. ನನ್ನನ್ನು ರೀ ಹಚ್ಚಿ ಮಾತಾಡಿಸಿದ್ದು ಅವನು ಅದೇ ಮೊದಲು. ಕೆಳಗೆ "ಅಧ್ಯಕ್ಷ ಸ್ಥಾನ" ಎಂದೂ "ಸ್ವಖುಷಿಯಿಂದ" ಎಂದೂ ಇದ್ದದ್ದು ಕಂಡಿತು. ಪೂರ್ತಿ ಓದುತ್ತೇನೆ ಎಂದು ಹಾರ ಎತ್ತಿದೆ. ಆಗ ಕಾಕಾಸಾಹೇಬರು ಬಗ್ಗಿ ಮೆಲ್ಲಗೆ ಹೇಳಿದರು: "ಶೈಲಾನೂ ಹೂಂ ಅಂದಾಳವಾ. ನನಗ ಫೋನ ಮಾಡಿದ್ಳು. ನೀ ಆಕಿಗೆ ಪತ್ರ ಬರಿಯೂದು ನನಗ ಗೊತ್ತೈತಿ."

ಸಹಿ ಮಾಡಿದೆ.

ನೀನು ಅವರಿಗೆ ಫೋನು ಮಾಡಿದ್ದನ್ನು ನನಗೆ ಬರೆದಿರಲಿಲ್ಲ. ಅವಸರದಲ್ಲಿ ಮರೆತಿರಬೇಕು.

ಮನೆಗೆ ಬಂದ ಮೇಲೆ ಸಮಾಧಾನ ಊಟ ಮಾಡಲಿಲ್ಲ. ಯಾಕೋ ಎಂದರೆ "ಹಸಿವಿಲ್ಲ" ಎಂದ. ಇವತ್ತು ಮುಂಜಾನೆ ಪಂಚಾಯತಿಗೆ ಹೊರಟರೆ ದಾರಿಗೆ ಅಡ್ಡ ನಿಂತ. "ಸ್ವಲ್ಪ ದಿನಾ ಮನ್ಯಾಗ ಇರು" ಎಂದ. ಕಬ್ಬಿನ ಗಾಡಿಗಳು ನಿನ್ನೆಯೂ ಮಸಣದ ನಡುವೆಯೇ ಹೋದವು. ಸುತ್ತು ಹಾಕುವ ದಾರಿ ಇನ್ನೂ ಮಾಡಬೇಕಲ್ಲ, ಅದಕ್ಕಿರಬೇಕು.

ಎಲ್ಲ ಸರಿಯಾಗಿದೆ ಎಂದು ಒಂದು ಸಾಲು ಬರೆ.

ಸಪನಾ


ಹೊಸದಿಲ್ಲಿ
17 ಮಾರ್ಚ್ 2025

ಸಪನಾ,

ಇದನ್ನು ಓದಿದ ಕ್ಷಣಕ್ಕೇ ಚಿಕ್ಕೋಡಿ ಬಸ್ಸು ಹತ್ತು. ಮಿಕ್ಕದ್ದನ್ನು ಬಸ್ಸಿನಲ್ಲಿ ಓದು.

ನೀನು ಸಹಿ ಮಾಡಿದ್ದು ರಾಜಿಪತ್ರವಲ್ಲ. ಕುರ್ಚಿ ಬಿಟ್ಟೆ ಎಂದು ಬರೆದುಕೊಟ್ಟಿದ್ದೀ. ರಾಜಿಪತ್ರ ಪೊಲೀಸರಿಗೆ ಹೋಗುತ್ತದೆ, ಕೋರ್ಟಿಗೆ ಹೋಗುತ್ತದೆ. ಉಪವಿಭಾಗಾಧಿಕಾರಿಗೆ ಹೋಗುವುದು ಅಧ್ಯಕ್ಷರ ರಾಜೀನಾಮೆ. ನಿನ್ನ ಪತ್ರ ಇವತ್ತು ಮುಂಜಾನೆ ಕೈಗೆ ಸಿಕ್ಕಿತು. ಓಡುತ್ತ ಓದಿ ಚೀಲಕ್ಕೆ ಹಾಕಿ ಗೂಡಿಗೆ ಹೋದೆ. ಸದನದಲ್ಲಿ ಯಾವುದೋ ಗಲಾಟೆ, ಒಬ್ಬ ಸದಸ್ಯರು ಕನ್ನಡದಲ್ಲಿ "ರಾಜೀನಾಮೆ ಕೊಡಲಿ, ರಾಜೀನಾಮೆ ಕೊಡಲಿ" ಎಂದು ಕೂಗಿದರು. ನಾನು ಯೋಚಿಸದೆ ಅದನ್ನು ಭಾಷಾಂತರ ಮಾಡಿದೆ. ಮಾಡಿದ ಮೇಲೆ ನನ್ನ ಬಾಯಿಂದ ಏನು ಬಂತೆಂದು ನನಗೇ ಕೇಳಿಸಿತು. ಕಿವಿಯ ಯಂತ್ರ ಕಿತ್ತು ಹೊರಗೆ ಬಂದೆ.

ಈಗ ಕೇಳು. ಕಾನೂನಿನಲ್ಲಿ ಒಂದು ಕಿಂಡಿ ಇದೆ. ರಾಜೀನಾಮೆ ಪ್ರಾಂತ ಸಾಹೇಬರ ಕಚೇರಿಗೆ ಮುಟ್ಟಿದ ಹತ್ತು ದಿನದ ತನಕ ಅದು ಜಾರಿಯಾಗುವುದಿಲ್ಲ. ಅಷ್ಟರೊಳಗೆ ನೀನು ನಿನ್ನ ಕೈಯಾರೆ ಬರೆದು ಹಿಂದಕ್ಕೆ ಪಡೆಯಬಹುದು. ಶನಿವಾರ ಸಹಿ ಆಗಿದೆ, ಸೋಮವಾರ ಮುಟ್ಟಿಸಿರುತ್ತಾರೆ. ಗುರುವಾರ ಇಪ್ಪತ್ತಕ್ಕೆ ಅವಧಿ ಮುಗಿಯುತ್ತದೆ. ಹೀಗೆ ಬರೆ: "ದಿನಾಂಕ 8ರಂದು ನನ್ನಿಂದ ಪಡೆದ ರಾಜೀನಾಮೆಯನ್ನು ನಾನು ಹಿಂದಕ್ಕೆ ಪಡೆದಿದ್ದೇನೆ." ಅಷ್ಟೇ. ಸಹಿ ಮಾಡಿ ಪ್ರಾಂತ ಸಾಹೇಬರ ಕಚೇರಿಯಲ್ಲಿ ಕೊಟ್ಟು, ಮುಟ್ಟಿತು ಎಂದು ಠಸ್ಸೆ ಹಾಕಿಸಿಕೋ. ಆ ಮೀಸಲಾತಿಗೆ ನಿಮ್ಮ ಪಂಚಾಯತಿಯಲ್ಲಿ ನಿನ್ನ ಹೊರತು ಇನ್ನೊಬ್ಬಳಿಲ್ಲ. ನೀನು ಇಳಿದರೆ ಮುಂದಿನ ವ್ಯವಸ್ಥೆ ಆಗುವ ತನಕ ಕುರ್ಚಿ ಉಪಾಧ್ಯಕ್ಷನ ಕೈಗೆ ಹೋಗುತ್ತದೆ. ಇದನ್ನು ಅವರು ನನಗಿಂತ ಚೆನ್ನಾಗಿ ಓದಿಕೊಂಡಿದ್ದಾರೆ.

ಫೋನು ಮಾಡಿದ್ದೆ, ಬಚ್ಚಿಡುವುದಿಲ್ಲ. ನಿನಗೆ ಉತ್ತರ ಬರೆಯುವ ಮೊದಲು ಕಾಕಾನಿಗೆ ಮಾಡಿದೆ. "ಸಪನಾ ಅಂಜ್ಯಾಳ ಕಾಕಾ, ಯಾವ ರಾಜಿನಾಮಾ ಅದು?" ಎಂದು ಕೇಳಿದೆ. ಅವನು "ನಿನ್ನಾಣೆ ಮಗಳ, ರಾಜಿ ಪತ್ರ" ಎಂದ. ನಂಬಿದೆ. ನಿನಗೆ ಬರೆದ ಪಾಂಡಿತ್ಯವೆಲ್ಲ ಆಮೇಲಿನ ಅಲಂಕಾರ. ಅರ್ಥವನ್ನು ಅವನಿಂದ ಇಸಕೊಂಡು ನಿನಗೆ ಕೊಟ್ಟೆ.

ಮಧ್ಯಾಹ್ನದಿಂದ ನಿನ್ನ ಫೋನಿಗೆ ಮಾಡುತ್ತಿದ್ದೇನೆ. ಸಮಾಧಾನ ಎತ್ತುತ್ತಾನೆ. "ಮಲಗ್ಯಾಳ್ರಿ" ಅಂತಾನೆ. ಸಂಜೆ "ಹೊಲಕ್ಕ ಹೋಗ್ಯಾಳ್ರಿ" ಅಂದ. ಹತ್ತು ದಿನದ ಮಾತನ್ನು ಅವನಿಗೆ ಹೇಳಲು ಧೈರ್ಯ ಬರಲಿಲ್ಲ, ಅವನ ಹಿಂದೆ ಯಾರು ನಿಂತಿದ್ದಾರೋ.

ನಾನೇ ಬರಬೇಕಿತ್ತು. ಇನ್ನೊಂದು ಸುಳ್ಳನ್ನೂ ಒಪ್ಪುತ್ತೇನೆ: ನಾನು ಇಲ್ಲಿ ಕಾಯಂ ಅಲ್ಲ. ಕನ್ನಡದಲ್ಲಿ ಮಾತಾಡುವವರಿದ್ದ ದಿನ ಮಾತ್ರ, ಲಗ್ನಕ್ಕೆ ಬಾಜಾದವರನ್ನು ಕರೆದ ಹಾಗೆ ಕರೆಯುತ್ತಾರೆ. ಅಧಿವೇಶನದ ನಡುವೆ ಎದ್ದು ಬಂದರೆ ಮತ್ತೆ ಕರೆಯುವುದಿಲ್ಲ. ಅದಕ್ಕೆ ಸ್ಪೀಡ್ ಪೋಸ್ಟು ಮಾಡುತ್ತಿದ್ದೇನೆ. ನೀನು ಹೇಳಿಕೊಟ್ಟ ಹಾಗೇ ಅಧ್ಯಕ್ಷರು ಎಂದೇ ವಿಳಾಸ ಬರೆದಿದ್ದೇನೆ, ಮಲಕಾರಿ ನಿನ್ನ ಕೈಗೇ ಕೊಡುತ್ತಾನೆ.

ಬಸ್ಸು ಹತ್ತಿದೆಯಾ?

ಶೈಲಾ


ಅಧ್ಯಕ್ಷರ ಕಾರ್ಯಾಲಯ
ಗ್ರಾಮ ಪಂಚಾಯತಿ, ಹೊಳೆಮಾಳ
25 ಮಾರ್ಚ್ 2025

ಶ್ರೀಮತಿ ಶೈಲಾ ಅವರಿಗೆ, ಹೊಸದಿಲ್ಲಿ

ಉಲ್ಲೇಖ: ತಮ್ಮ ಪತ್ರ, ದಿನಾಂಕ 17-3-2025

ಮಾನ್ಯರೇ,

ಉಲ್ಲೇಖಿತ ಪತ್ರವು ದಿನಾಂಕ 20ರಂದು ಮುಂಜಾನೆ, ಸಕಾಲದಲ್ಲಿ, ಈ ಕಾರ್ಯಾಲಯಕ್ಕೆ ತಲುಪಿದೆ. ಮಹಿಳಾ ದಿನಾಚರಣೆಯ ನಂತರ ನಿಕಟಪೂರ್ವ ಅಧ್ಯಕ್ಷರು ಕಾರ್ಯಾಲಯಕ್ಕೆ ಬಾರದ ಕಾರಣ ಅಧ್ಯಕ್ಷರ ಟಪಾಲನ್ನು ನಾನೇ ಸ್ವೀಕರಿಸುತ್ತಿದ್ದು, ಅಂಚೆಯವರು ಸದರಿ ಲಕೋಟೆಯನ್ನು ನಿಯಮಾನುಸಾರ ಕುರ್ಚಿಯಲ್ಲಿದ್ದವರಿಗೇ ಕೊಟ್ಟಿದ್ದಾರೆ. ಪತ್ರದ ಸಂಪೂರ್ಣ ವಿಷಯವನ್ನು ಗಮನಿಸಲಾಗಿದೆ. ತಾವು ಸೂಚಿಸಿದ ಅವಧಿಯು ಈಗ ಮುಗಿದಿರುವುದರಿಂದ ಮುಂದಿನ ಕ್ರಮದ ಅವಶ್ಯಕತೆ ಉಳಿದಿಲ್ಲ. ಪತ್ರವನ್ನು ದಫ್ತರಿಗೆ ಸೇರಿಸಲಾಗಿದೆ.

ಪಂಚಾಯತಿ ಕಾಯಿದೆಯ ಬಗ್ಗೆ ತಾವು ಇಟ್ಟಿರುವ ಕಾಳಜಿಗೆ ಧನ್ಯವಾದಗಳು.

ತಮ್ಮ ವಿಶ್ವಾಸಿ
ಅಭಿನಂದನ
ಪ್ರಭಾರ ಅಧ್ಯಕ್ಷರು

ತಾ.ಕ.: ಅಕ್ಕಾ, ಸಿಟ್ಟ ಮಾಡ್ಕೋಬ್ಯಾಡ. ಅಪ್ಪಾ ನಿನ್ನ ಭಾಳ ನೆನಸತಾನ. ಮಾವಿನ ಸೀಕರಣಿ ತಿನ್ನಾಕ ಮುದ್ದಾಂ ಬಾ. ಮತ್ತ ಆ ಕೇರಿಗೆ ಪತ್ರ ಬರಿಯೂದು ಇನ್ನ ಸಾಕ ಮಾಡು, ನಿನಗೂ ಚೊಲೊ, ಆಕಿಗೂ ಚೊಲೊ.


ಹೊಳೆಮಾಳ
14 ಏಪ್ರಿಲ್ 2025

ಶೈಲಾ,

ಇನ್ನ ಮ್ಯಾಲೆ ಮಾತಾಡಿದಂಗ ಬರಿತೇನಿ. ಕೆಂಪ ಗೆರಿ ಎಳಿಯೂದಿದ್ರ ಎಳಿ.

ನಿನ್ನ ಕಡೀ ಪತ್ರದಾಗ ಏನಿತ್ತು ನನಗ ಗೊತ್ತಿಲ್ಲ. ಕುರ್ಚಿ ಹೋತಂತ ತಿಳದು ಪ್ರಾಂತ ಸಾಹೇಬರ ಆಫೀಸಿಗೆ ಹೋಗಿ ಹತ್ತ ದಿನದ ಕಾಯಿದೆ ಕೇಳಿ ಬರೂದ್ರಾಗ ಹತ್ತೂ ದಿನಾ ಹೋಗಿದ್ದವು. ಆಮ್ಯಾಲೆ ಮಲಕಾರಿ ಮನಿಗೆ ಬಂದಿದ್ದ. ಟೋಪಿಗಿ ತಗದು ಕೈಯಾಗ ಹಿಡಕೊಂಡಿದ್ದ. "ದಪ್ಪನ ಲಕೋಟಿ ಇತ್ತವಾ, ದಿಲ್ಲೀದು. ನಿನ್ನ ಹೆಸರ ಇರಲಿಲ್ಲ ಅದರ ಮ್ಯಾಲೆ. ಕುರ್ಚಿಗೆ ಬರದಿದ್ರು, ಕುರ್ಚಿಗೆ ಕೊಟ್ಟೆ" ಅಂದ. ಅಂವಂದೇನ ತಪ್ಪ? ಆ ಯುಕ್ತಿ ನಿನಗ ಹೇಳಿಕೊಟ್ಟಾಕಿ ನಾನ.

ನಿನಗ ಒಂದಿಷ್ಟು ಸಂಗತಿ ಹೇಳಬೇಕಾಗೇತಿ. ಸಮಾಧಾನ ಟ್ರ್ಯಾಕ್ಟರಿನಿಂದ ಬಿದ್ದಿರಲಿಲ್ಲ. ಅರ್ಜಿ ಕೊಟ್ಟ ಮರುದಿನ ಬೀಳತಾನೇನ ಯಾರರೆ? ನಾ ಬಾಯಿ ಬಿಟ್ಟ ಬರಿಲಿಲ್ಲ, ನೀ ತಿಳಕೋತಿ ಅನ್ಕೊಂಡಿದ್ದೆ. ನೀ ಜೋಪಾನ ಅಂತ ಹೇಳ ಅಂದಿ. ಕಾಗದ ಯಾವುದಂತ ಅವನಿಗೆ ಮೊದಲ ಗೊತ್ತಿತ್ತಂತ. ನಿನ್ನೆ ಅಳಕೋತ ಹೇಳಿದ, "ನಿನ್ನ ಕುರ್ಚಿ ಹೋದರ ಹೋಗಲಿ, ನೀ ಉಳಿ ಅಂತ ಸುಮ್ಮ ಇದ್ದೆ" ಅಂದ. ಅಂವ ಅಂಜಿ ಸುಮ್ಮ ಇದ್ದ. ನೀ ಯಾಕ ಸುಮ್ಮ ಇದ್ದಿ? ನಿನ್ನ ಕೈ ಯಾರ ಮುರದಿದ್ರು?

ನೀ ಕಾಕಾಗ ಫೋನ ಮಾಡಬಾರದಿತ್ತು. ಇಷ್ಟ ಹೇಳತೇನಿ, ಮತ್ತ ಹೇಳೂದಿಲ್ಲ.

ಮಸಣದಾಗ ಜೆಸಿಬಿ ಬಂದು ಹೋತು. ನಮ್ಮವ್ವನ ತಲಿಗೆ ಇಟ್ಟಿದ್ದ ಕಲ್ಲು ಈಗ ಗಾಡಿ ದಾರಿಗೆ ಮೋರಿ ಆಗೇತಿ. ನಾ ಅದರ ಮ್ಯಾಲೆ ಕಾಲ ಇಡಲಾರದ ದಾಟಿ ಹೋಗತೇನಿ. ಎಲ್ಲಾ ಸಪಾಟ ಮಾಡ್ಯಾರ, ಆ ಒಂದ ಕುಣಿ ಮಾತ್ರ ಮುಚ್ಚಿಲ್ಲ. ಪೈಪಿಂದಂತೂ ಅಲ್ಲ ಅದು. ಇವತ್ತ ಬಾಬಾಸಾಹೇಬರ ಜಯಂತಿ, ಮುಂಜಾನೆ ಹೂವು ಏರಿಸಿ ಆ ಕಡೆ ಹೋಗಿದ್ದೆ. ಯಾರೋ ಹುಲ್ಲ ಕಿತ್ತು, ಒಳಗಿನ ಮಣ್ಣ ಎತ್ತಿ, ಸ್ವಚ್ಛ ಮಾಡಿಟ್ಟಾರ.

ಆದ್ರ ಅವರೂ ಒಂದ ಶಬ್ದ ಮರತಾರ, ಶೈಲಾ. ಕಾಗದದಾಗ "ಅಧ್ಯಕ್ಷ ಸ್ಥಾನ" ಅಂತ ಬರದಾರ, ಸದಸ್ಯತ್ವದ ಮಾತ ಬರದಿಲ್ಲ. ಪ್ರಾಂತ ಆಫೀಸಿನಾಗ ಕೇಳಿಕೊಂಡ ಬಂದೇನಿ, ನಾ ಇನ್ನೂ ಮೆಂಬರ ಅದೇನಿ. ನಾಡದು ಬುಧವಾರ ಸಭಾ ಐತಿ. ಮಸಣದ ಜಾಗಾ ದಾರಿಗೆ ಬಿಟ್ಟುಕೊಡೂ ಠರಾವು. ಹೆಣ್ಣ ಮೆಂಬರಗೋಳ ಮನಿಗೆಲ್ಲಾ ಮಂದಿ ಹೋಗಿ ಬಂದಾರ. ತುಳಸವ್ವ ಕಾಲ ಹಿಡದು ಹೇಳಿದ್ಳು, ಬ್ಯಾಡವಾ ತಂಗಿ, ಹೋಗಬ್ಯಾಡ ಅಂತ. ನಾ ಹೋಗತೇನಿ. ಸಮಾಧಾನ ಬರತೇನಿ ಅಂದಾನ, ಮುರದ ಕೈಲೆ.

ಒಂದ ಸಾಲ ಬರದ ಇಟ್ಟೇನಿ, ಸಭಾದಾಗ ಕೊಡೂದು: "ನಾ ಒಪ್ಪಿಲ್ಲ." ಯಾವ ಭಾಷಾಕ್ಕ ಬೇಕಾದ್ರ ಹಾಕು, ಇದಕ್ಕ ಎರಡ ಅರ್ಥ ಇಲ್ಲ.

ದಿಲ್ಲಿಯಿಂದ ಮೀರಜಿಗೆ ರೈಲ ದಿನಾ ಬರತೈತಿ. ಬರೂದಿದ್ರ ಬಾ. ಪತ್ರ ಬರಿಯೂದಿದ್ರ ಈ ಸಲ ನನ್ನ ಹೆಸರ ಹಾಕಿ ಬರಿ, ಗಂಡನ ಹೆಸರೂ ಹಾಕು, ಕೇರಿ ಹೆಸರೂ ಹಾಕು. ಮಲಕಾರಿಗೆ ಹೇಳಿಟ್ಟೇನಿ. ನಾ ಇದ್ರ ನನ್ನ ಕೈಯಾಗ ಕೊಡತಾನ. ಇರಲಿಲ್ಲಂದ್ರ ಲಕೋಟಿ ಒಡಿಲಾರದ ತಿರುಗಿ ನಿನಗ ಕಳಸತಾನ.

ಸಪನಾ